ಒಂದು ಸೂತ್ರವನ್ನು ಬಿಚ್ಚಿ ನೋಡುವುದು ಹೇಗೆ: ವಿಜ್ಞಾನದ ತಳದಲ್ಲಿ ಗಣಿತ ಎಷ್ಟು, ತತ್ತ್ವಮೀಮಾಂಸೆ ಎಷ್ಟು

ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ಒಂದಷ್ಟು ಸೂತ್ರಗಳು ಇವತ್ತಿಗೂ ಬಾಯಿಗೆ ಬರುತ್ತವೆ. ಸಿಇಟಿ ಬರೆಯೋಕೆ ಅಷ್ಟು ಸಾಕು. ಆದರೆ ಒಂದು ಸೂತ್ರವನ್ನು ಎದುರಿಗಿಟ್ಟು, ಇದರಲ್ಲಿ ಅಳೆದು ಗೊತ್ತಾದದ್ದು ಯಾವುದು, ಲೆಕ್ಕ ಮಾಡಿ ಹೊರಬಂದದ್ದು ಯಾವುದು, ಅಳೆಯದೆ, ಲೆಕ್ಕವನ್ನೂ ಮಾಡದೆ ಮೊದಲೇ ಒಪ್ಪಿಕೊಂಡು ಕೂತಿರುವುದು ಯಾವುದು ಅಂತ ಕೇಳಿ ನೋಡಿ. ಇಂಜಿನಿಯರಿಂಗ್ ಮುಗಿಸಿದವರೂ ತಡವರಿಸುತ್ತಾರೆ. ಅವರ ತಪ್ಪೇನಿಲ್ಲ, ಯಾರೂ ಹೇಳಿಕೊಟ್ಟಿರುವುದಿಲ್ಲ. ಅದನ್ನು ಬೇರ್ಪಡಿಸುವುದು ಹೇಗೆ ಅಂತ ಇಲ್ಲಿ ಮಾಡಿಯೇ ತೋರಿಸುತ್ತೇನೆ.

ಮೊದಲೇ ಒಪ್ಪಿಕೊಂಡದ್ದು ಅಂದೆನಲ್ಲ, ಆ ಭಾಗವೇ ತತ್ತ್ವಮೀಮಾಂಸೆ, ಮೆಟಾಫಿಸಿಕ್ಸ್. ಜಗತ್ತಿನಲ್ಲಿ ಏನೇನು ಇದೆ, ನಿನ್ನೆ ಇದ್ದ ವಸ್ತು ಇವತ್ತೂ ಅದೇ ಅಂತ ಹೇಗೆ ಹೇಳುತ್ತೀರಿ, ಕಾರಣ ಅಂದರೆ ಏನು, ಕಾಲ ಮತ್ತು ಜಾಗ ತಾವೇ ಇರುವಂಥವಾ ಅಥವಾ ವಸ್ತುಗಳ ನಡುವಿನ ಸಂಬಂಧ ಮಾತ್ರವಾ, ಇಂಥ ಪ್ರಶ್ನೆಗಳು. ನಮ್ಮ ಬೆಂಗಳೂರಿನ ವಾರಾಂತ್ಯದ ವರ್ಕ್‌ಶಾಪ್‌ಗಳಲ್ಲಿ ಕ್ರಿಸ್ಟಲ್, ಔರಾ, ವೈಬ್ರೇಶನ್ ಅಂತ ಮಾರುವುದಕ್ಕೂ ಇದೇ ಹೆಸರು ಅಂಟಿಕೊಂಡಿದೆ. ಅದನ್ನು ಇಲ್ಲಿಗೆ ತರಬೇಡಿ.

ನನ್ನ ಮಾತು ಇಷ್ಟು. ಏನನ್ನು ಎಣಿಸಬೇಕು ಅಂತ ತೀರ್ಮಾನಿಸುವುದು ತತ್ತ್ವಮೀಮಾಂಸೆಯ ಕೆಲಸ. ಎಣಿಸಲು ಶುರು ಮಾಡಿದ ಮೇಲೆ ಯಾವುದನ್ನು ಒಪ್ಪಿದರೆ ಯಾವುದನ್ನು ಒಪ್ಪಲೇಬೇಕು ಅಂತ ಹೇಳುವುದು ಗಣಿತದ ಕೆಲಸ. ಪ್ರಯೋಗ ಬಂದು ಮೊದಲನೆಯದನ್ನು ಬದಲಾಯಿಸಬಹುದು, ಬೇರೆ ಗಣಿತ ಹುಡುಕಿ ಅಂತ ಅಟ್ಟಲೂಬಹುದು. ಈ ಮೂರರಲ್ಲಿ ಒಂದನ್ನು ಕೈಬಿಟ್ಟರೂ ವಿಜ್ಞಾನ ಬಿದ್ದುಹೋಗುತ್ತದೆ.

ಮೊದಲು ಒಂದು ಲೋಲಕ ಕಟ್ಟಿ

ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ದೊಡ್ಡ ನಟ್ಟು ತಗೊಳ್ಳಿ. ಎಸ್‌ಪಿ ರೋಡ್ ಕಡೆ ಹೇಗೂ ಹೋಗುವವರಿದ್ದರೆ ಅಲ್ಲೇ ಸಿಗುತ್ತದೆ, ಇದಕ್ಕೋಸ್ಕರ ಆ ಟ್ರಾಫಿಕ್ಕಿಗೆ ಇಳಿಯಬೇಡಿ. ಎಳೆದರೆ ಹಿಗ್ಗದ ದಾರ ಬೇಕು. ಬಾಗಿಲ ಚೌಕಟ್ಟಿಗೋ ಬಟ್ಟೆ ಒಣಗಿಸುವ ಗಟ್ಟಿ ಕಂಬಿಗೋ ಕಟ್ಟಿ. ಕಂಬಿ ಅಲ್ಲಾಡಬಾರದು, ಅದು ಮುಖ್ಯ. ಗಂಟಿನಿಂದ ನಟ್ಟಿನ ನಡುಮಧ್ಯದವರೆಗೆ ಸರಿಯಾಗಿ ಒಂದು ಮೀಟರ್ ಇರಲಿ. ಫ್ಯಾನ್ ಆಫ್ ಮಾಡಿ. ನಟ್ಟನ್ನು ಹತ್ತು ಸೆಂಟಿಮೀಟರಿನಷ್ಟು ಪಕ್ಕಕ್ಕೆ ಎಳೆದು ಬಿಡಿ, ತಳ್ಳಬೇಡಿ.

ಈಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 50 ಓಲಾಟ ಎಣಿಸಿ. ಹೋಗಿ ಬಂದರೆ ಒಂದು. ನಟ್ಟು ನಡುಗೆರೆ ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಬಾಯಲ್ಲಿ 'ಸೊನ್ನೆ' ಅನ್ನಿ. 'ಒಂದು' ಅಂತ ಶುರು ಮಾಡಿದರೆ ಕೊನೆಗೆ 49 ಓಲಾಟವನ್ನೇ 50 ಅಂದುಕೊಂಡಿರುತ್ತೀರಿ. ಕೈ ಸ್ವಲ್ಪ ಪಳಗಿದ ಮೇಲೆ ನೂರೂವರೆ ಸೆಕೆಂಡಿನ ಆಸುಪಾಸು ಬರುತ್ತದೆ. ಅಂದರೆ ಒಂದು ಓಲಾಟಕ್ಕೆ ಎರಡು ಸೆಕೆಂಡಿಗಿಂತ ಒಂಚೂರು ಜಾಸ್ತಿ.

ಪುಸ್ತಕದ ಸೂತ್ರ ನೆನಪಿದೆಯಲ್ಲ. ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಅದರ ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿದರೆ ಓಲಾಟದ ಅವಧಿ. ಬೆಂಗಳೂರಿನಲ್ಲಿ ಆ ವೇಗೋತ್ಕರ್ಷ, ಅಂದರೆ ಜಿ, ಸುಮಾರು 9.78. ಲೆಕ್ಕ ಹಾಕಿದರೆ 2.009 ಸೆಕೆಂಡು. ನಿಮ್ಮ ಎಣಿಕೆಗೂ ಇದಕ್ಕೂ ಹೊಂದಿಕೆಯಾಯಿತು ಅಲ್ವಾ? ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಕೆಲಸ ಇಲ್ಲಿಂದ ಶುರು.

ಮೂರು ಕಾಲಂ ಎಳೆಯಿರಿ

ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ. ಅಳತೆ, ಲೆಕ್ಕ, ಒಪ್ಪಿಗೆ. ಸೂತ್ರದ ಒಂದೊಂದು ತುಂಡನ್ನೂ ಎತ್ತಿ ಯಾವ ಕಾಲಮ್ಮಿಗೆ ಹೋಗಬೇಕು ಅಂತ ಯೋಚಿಸಿ.

ಅಳತೆಯ ಕಾಲಂ ಸುಲಭ. ಉದ್ದ, ಸಮಯ, ಮತ್ತು ಜಿ ಅನ್ನುವ ಆ 9.78. ಈ ಸಂಖ್ಯೆ ಕೂತಲ್ಲೇ ಯೋಚಿಸಿ ಕಂಡುಕೊಳ್ಳುವಂಥದ್ದಲ್ಲ. 1672ರಲ್ಲಿ ಜಾನ್ ರಿಷೆ ಅನ್ನುವ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನ ಲೋಲಕ ಗಡಿಯಾರವನ್ನು ಸಮಭಾಜಕದ ಹತ್ತಿರದ ಕಯೆನ್‌ಗೆ ತಗೊಂಡು ಹೋದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ, ಅಲ್ಲಿ ಗುರುತ್ವವೇ ಕೊಂಚ ಕಡಿಮೆ. ಪ್ರತಿ ಸೆಕೆಂಡಿಗೆ ಒಂದು ಸಲ ನಡುಗೆರೆ ದಾಟುವ ಲೋಲಕ ಪ್ಯಾರಿಸ್ಸಿನಲ್ಲಿ ಸುಮಾರು 99.4 ಸೆಂಟಿಮೀಟರ್ ಇರಬೇಕು, ಬೆಂಗಳೂರಿನಲ್ಲಿ 99.1. ಮೂರು ಮಿಲಿಮೀಟರ್ ವ್ಯತ್ಯಾಸ. ಇಂಥದ್ದು ಅಳತೆಯ ಕಾಲಮ್ಮಿಗೆ ಹೋಗುತ್ತದೆ.

ಎರಡನೆಯ ಕಾಲಂ ಸ್ವಲ್ಪ ಮಜವಾಗಿದೆ. ವರ್ಗಮೂಲ ಎಲ್ಲಿಂದ ಬಂತು? ಎರಡು ಪೈ ಎಲ್ಲಿಂದ ಬಂತು? ನಟ್ಟು ಸುತ್ತು ಹಾಕುತ್ತಿಲ್ಲ, ಬರೀ ಆಚೆ ಈಚೆ ಹೋಗುತ್ತಿದೆ, ಆದರೂ ವೃತ್ತಕ್ಕೆ ಸೇರಿದ ಸಂಖ್ಯೆ ಒಳಗೆ ಬಂದು ಕೂತಿದೆ. ನಡುವಿನಿಂದ ಎಷ್ಟು ದೂರ ಹೋದರೆ ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ಎಳೆತ ಇರುತ್ತದೆ ಅಂತ ಒಪ್ಪಿದ ಕೂಡಲೇ ಆ ಚಲನೆ ಸೈನ್ ರೇಖೆಯ ಹಾಗೇ ಇರಬೇಕು ಅಂತ ಗಣಿತ ಹೇಳುತ್ತದೆ, ಸೈನ್ ಬಂದರೆ ಪೈ ಹಿಂದೆಯೇ ಬರುತ್ತದೆ. ಇದಕ್ಕೆ ಯಾವ ಪ್ರಯೋಗವೂ ಬೇಡ, ಲ್ಯಾಬಿಗೆ ಹೋಗದೆ ಕಾಗದದ ಮೇಲೇ ಮುಗಿಯುತ್ತದೆ. ಆದರೆ ಹುಷಾರು. ಎಳೆತ ದೂರಕ್ಕೆ ತಕ್ಕ ಹಾಗೆ ಇರುತ್ತದೆ ಅನ್ನೋದು ಚಿಕ್ಕ ಓಲಾಟಕ್ಕೆ ಮಾತ್ರ ಹೆಚ್ಚುಕಡಿಮೆ ನಿಜ. ನಟ್ಟನ್ನು 60 ಡಿಗ್ರಿಯಷ್ಟು ಮೇಲಕ್ಕೆ ಎತ್ತಿ ಬಿಟ್ಟರೆ ಅವಧಿ ಸುಮಾರು ಶೇಕಡ 7ರಷ್ಟು ಜಾಸ್ತಿಯಾಗುತ್ತದೆ. ಮಾಡಿ ನೋಡಿ, ಸ್ಟಾಪ್‌ವಾಚಿನಲ್ಲೇ ಗೊತ್ತಾಗುತ್ತದೆ. ಗಣಿತ ಸುಳ್ಳು ಹೇಳಲಿಲ್ಲ, ನಾವು ಅದಕ್ಕೆ ಕೊಟ್ಟ ಷರತ್ತು ಈಗ ಮುರಿದಿದೆ, ಅಷ್ಟೇ.

ಮೂರನೆಯ ಕಾಲಮ್ಮಿನಲ್ಲೇ ಜನ ಏನೂ ಬರೆಯದೆ ಖಾಲಿ ಬಿಡುವುದು. ತುಂಬಿಸೋಣ.

ಸ್ಟಾಪ್‌ವಾಚ್ ಸರಿಯಾಗಿ ಓಡುತ್ತಿದೆ ಅಂತ ಹೇಗೆ ಗೊತ್ತು? ಒಳಗೆ ಕ್ವಾರ್ಟ್ಜ್ ಹರಳು ಕಂಪಿಸುತ್ತಿದೆ, ಒಂದೊಂದು ಕಂಪನಕ್ಕೂ ಅಷ್ಟೇ ಹೊತ್ತು ಅಂತ ನಂಬಿದ್ದೇವೆ. ಅದನ್ನು ಪರೀಕ್ಷಿಸಲು ಇನ್ನೊಂದು ಗಡಿಯಾರ ಬೇಕು. ಅದಕ್ಕೆ ಮತ್ತೊಂದು. 1967ರಿಂದ ಸೆಕೆಂಡನ್ನು ಸೀಸಿಯಂ ಪರಮಾಣುವಿನ ವಿಕಿರಣದ 9,192,631,770 ಆವರ್ತನಗಳ ಕಾಲ ಅಂತ ನಿಗದಿ ಮಾಡಿದ್ದಾರೆ. ಆ ಆವರ್ತನಗಳು ಸಮವಾಗಿವೆಯಾ ಅಂತ ಅದಕ್ಕಿಂತ ಕೆಳಗೆ ಹೋಗಿ ಕೇಳಿದರೆ ಉತ್ತರ ಅಳತೆಯಿಂದ ಬರುವುದಿಲ್ಲ. ಎಲ್ಲೋ ಒಂದು ಕಡೆ ನಿಂತು, ಈ ಘಟನೆ ಪ್ರತಿ ಸಲ ಅಷ್ಟೇ ಹೊತ್ತು ತಗೊಳ್ಳುತ್ತದೆ ಅಂತ ಒಪ್ಪಿಕೊಂಡೇ ಮುಂದೆ ಹೋಗಬೇಕು. ನ್ಯೂಟನ್ 1687ರಲ್ಲಿ ಇದನ್ನು ನೇರವಾಗಿ ಬರೆದ: ಹೊರಗಿನ ಯಾವುದರ ಹಂಗೂ ಇಲ್ಲದೆ ಸಮವಾಗಿ ಹರಿಯುವ ಒಂದು ಕಾಲ ಇದೆ. ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಒಪ್ಪಲಿಲ್ಲ. ಕಾಲ ಅಂದರೆ ಘಟನೆಗಳ ಕ್ರಮ ಮಾತ್ರ, ಘಟನೆಗಳೇ ಇಲ್ಲದಿದ್ದರೆ ಕಾಲವೂ ಇಲ್ಲ ಅಂದ. 1715 ಮತ್ತು 1716ರಲ್ಲಿ ನ್ಯೂಟನ್ ಪರವಾಗಿ ಸ್ಯಾಮ್ಯುಯೆಲ್ ಕ್ಲಾರ್ಕ್ ಮತ್ತು ಲೈಬ್ನಿಟ್ಸ್ ನಡುವೆ ಈ ಬಗ್ಗೆ ಪತ್ರಗಳು ಓಡಾಡಿದವು. ಲೆಕ್ಕದಲ್ಲಿ ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಗಟ್ಟಿಗರು, ಕ್ಯಾಲ್ಕುಲಸ್ ಕಟ್ಟಿದವರೇ ಅವರು. ಆದರೂ ಆ ಜಗಳ ಲೆಕ್ಕದಿಂದ ಬಗೆಹರಿಯಲಿಲ್ಲ, ಏಕೆಂದರೆ ಅದು ಲೆಕ್ಕದ ಜಗಳವೇ ಆಗಿರಲಿಲ್ಲ.

ಇನ್ನೊಂದು ಒಪ್ಪಿಗೆ. ಇವತ್ತು ಎರಡು ಸೆಕೆಂಡು ತಗೊಂಡ ಲೋಲಕ ನಾಳೆಯೂ ಅಷ್ಟೇ ತಗೊಳ್ಳುತ್ತದೆ ಅಂತ ಯಾಕೆ ನಂಬುತ್ತೀರಿ? ಇದುವರೆಗೆ ಹಾಗೇ ಆಗಿದೆ ಅಂತೀರಿ. ಇದುವರೆಗೆ ಆದದ್ದು ಮುಂದೂ ಆಗುತ್ತದೆ ಅಂತ ಯಾಕೆ ನಂಬುತ್ತೀರಿ? ಹೊಗೆ ಇದ್ದಲ್ಲಿ ಬೆಂಕಿ ಇದೆ ಅನ್ನುವ ನೈಯಾಯಿಕರ (ನ್ಯಾಯ ದರ್ಶನದ ತರ್ಕಿಗಳ) ವ್ಯಾಪ್ತಿಯನ್ನು, ಅಂದರೆ ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಅನ್ನುವ ನಿಯಮವನ್ನು, ಕಣ್ಣಾರೆ ಕಂಡದ್ದನ್ನೇ ನಂಬುವ ಚಾರ್ವಾಕರು ಹಿಡಿದು ಅಲ್ಲಾಡಿಸಿದ್ದು ಇದೇ ಪ್ರಶ್ನೆಯಿಂದ: ಎಲ್ಲ ಹೊಗೆಯನ್ನೂ ನೀವು ನೋಡಿದ್ದೀರಾ? ಯುರೋಪಿನಲ್ಲಿ ಡೇವಿಡ್ ಹ್ಯೂಮ್ 1739ರಲ್ಲಿ ಬೇರೆ ದಾರಿಯಿಂದ ಇಲ್ಲಿಗೇ ಬಂದ. ಇಬ್ಬರಿಗೂ ಎಲ್ಲರೂ ಒಪ್ಪುವ ಉತ್ತರ ಯಾರೂ ಕೊಟ್ಟಿಲ್ಲ. ಕಾಲಮ್ಮಿನಲ್ಲಿ ಬರೆದಿಟ್ಟು ಮುಂದೆ ಹೋಗಿ.

ರಾಗಿ ಡಬ್ಬಿ, ಮರಳು ಡಬ್ಬಿ

ಈಗ ನಟ್ಟು ಬಿಚ್ಚಿ. ಒಂದೇ ಅಳತೆಯ ಎರಡು ಚಿಕ್ಕ ಡಬ್ಬಿ ತಗೊಂಡು, ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ಮರಳು ತುಂಬಿ. ಅರ್ಧ ತುಂಬಿಸಬೇಡಿ, ಭಾರದ ಕೇಂದ್ರ ಕೆಳಗಿಳಿದು ಉದ್ದದ ಲೆಕ್ಕ ತಪ್ಪುತ್ತದೆ. ಪೂರ್ತಿ ತುಂಬಿ, ಮುಚ್ಚಳ ಭದ್ರ ಮಾಡಿ. ಎರಡನ್ನೂ ಒಂದೇ ಉದ್ದದ ದಾರದಲ್ಲಿ ಪಕ್ಕಪಕ್ಕ ತೂಗುಹಾಕಿ, ಒಟ್ಟಿಗೆ ಬಿಡಿ. ಮರಳಿನ ಡಬ್ಬಿ ಕೈಗೆ ಎಷ್ಟು ಭಾರ ಅನಿಸಿತು! ಆದರೂ ಎರಡೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರುತ್ತವೆ. ಬಹಳ ಹೊತ್ತಾದ ಮೇಲೆ ರಾಗಿಯದು ಓಲಾಟ ಸ್ವಲ್ಪ ಬೇಗ ಸಣ್ಣದಾಗಬಹುದು, ಹಗುರವಾದ್ದರಿಂದ ಅದಕ್ಕೆ ಗಾಳಿಯ ತಡೆ ಜಾಸ್ತಿ ತಾಗುತ್ತದೆ.

ನ್ಯೂಟನ್ ಇದನ್ನೇ ಮಾಡಿದ, ಇನ್ನೂ ನಾಜೂಕಾಗಿ. 11 ಅಡಿ ದಾರದಲ್ಲಿ ಒಂದೇ ಥರದ ಎರಡು ಮರದ ಪೆಟ್ಟಿಗೆ ತೂಗುಹಾಕಿ, ಚಿನ್ನ, ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ಮರ, ನೀರು, ಗೋಧಿ ಎಲ್ಲವನ್ನೂ ಹೋಲಿಸಿ ನೋಡಿದ. ಅವನು ತೂಕವನ್ನೂ ಸಮ ಮಾಡಿಟ್ಟಿದ್ದ, ಗಾಳಿಯ ತಡೆ ಎರಡಕ್ಕೂ ಒಂದೇ ಇರಲಿ ಅಂತ. ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸವಿದ್ದರೂ ಕಾಣುತ್ತಿತ್ತು ಅಂತ ಬರೆದಿದ್ದಾನೆ.

ಇದು ಯಾವ ಕಾಲಮ್ಮಿಗೆ ಹೋಗಬೇಕು? ಇಲ್ಲಿ ತಾಳ್ಮೆಯಿಂದ ನಿಲ್ಲಿ, ಈ ಬರಹದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಪುಸ್ತಕದಲ್ಲಿ ಸೂತ್ರ ಬಿಡಿಸುವಾಗ ಸಮೀಕರಣದ ಎಡಗಡೆ ಒಂದು ದ್ರವ್ಯರಾಶಿ, ಬಲಗಡೆ ಒಂದು ದ್ರವ್ಯರಾಶಿ, ಎರಡನ್ನೂ ಹೊಡೆದುಹಾಕಿ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಗೀಟೆಳೆದು ಮುಂದೆ ಹೋಗುತ್ತಾರೆ. ಆದರೆ ಎಡಗಡೆಯದು, ತಳ್ಳಿದರೆ ವಸ್ತು ಎಷ್ಟು ಹಠ ಮಾಡುತ್ತದೆ ಅನ್ನುವ ಗುಣ. ಬಲಗಡೆಯದು, ಭೂಮಿ ಅದನ್ನು ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವ ಗುಣ. ಎರಡು ಬೇರೆ ಬೇರೆ ಸಂಗತಿ. ಎರಡೂ ಸಮ ಇರಲೇಬೇಕು ಅಂತ ಗಣಿತದಲ್ಲಿ ಯಾವ ನಿಯಮವೂ ಇಲ್ಲ. ವಿದ್ಯುತ್ ಬಲದಲ್ಲಿ ಹಾಗೆ ಇಲ್ಲವೇ ಇಲ್ಲ: ವಸ್ತುವಿನ ಆವೇಶಕ್ಕೂ (ಚಾರ್ಜ್) ಅದರ ಹಠಕ್ಕೂ ಸಂಬಂಧವಿಲ್ಲ. ಹೀಗಿರುವಾಗ ಆ ಗೀಟು ಎಳೆಯಲು ಅನುಮತಿ ಕೊಟ್ಟದ್ದು ಯಾರು?

ನ್ಯೂಟನ್‌ಗೆ ಕೊಟ್ಟದ್ದು ಪೆಟ್ಟಿಗೆಗಳು. ಅವನ ಹಾಳೆಯಲ್ಲಿ ಇದು ಅಳತೆಯ ಕಾಲಮ್ಮಿನಲ್ಲಿದೆ, ಯಾಕೆ ಹೀಗೆ ಅಂತ ಗೊತ್ತಿಲ್ಲದ, ಆದರೆ ನಿಜವಾದ ಒಂದು ಸಂಗತಿ. 1907ರಿಂದ ಐನ್‌ಸ್ಟೈನ್ ಅದನ್ನು ಎತ್ತಿ ಮೂರನೆಯ ಕಾಲಮ್ಮಿಗೆ ಹಾಕಿದ. ಇದು ಕಾಕತಾಳೀಯ ಅಲ್ಲ, ಹಠವೂ ತೂಕವೂ ಮೂಲದಲ್ಲಿ ಒಂದೇ ಸಂಗತಿ, ಇದನ್ನು ತಳದಲ್ಲಿಟ್ಟು ಮೇಲೆ ಕಟ್ಟೋಣ ಅಂದ. ಕಟ್ಟಲು ಬೇಕಾದ ಗಣಿತ ಅವನ ಹತ್ತಿರ ಇರಲಿಲ್ಲ, ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ನೆರವಿನಿಂದ ಬಾಗಿದ ಜಾಗವನ್ನು ಅಳೆಯುವ ರೀಮನ್ನನ ಜ್ಯಾಮಿತಿ ಕಲಿತ. 1915ರಲ್ಲಿ ಅವನ ಗುರುತ್ವದ ಸಿದ್ಧಾಂತ, ಸಾಮಾನ್ಯ ಸಾಪೇಕ್ಷತೆ, ಸಿದ್ಧವಾಯಿತು. ಅಳತೆ ಅದೇ, ಆದರೆ ಅದನ್ನು ಇಟ್ಟ ಕಾಲಂ ಬದಲಾದಾಗ ಇಡೀ ಭೌತವಿಜ್ಞಾನ ತಿರುಗಿತು. ಈ ಕೆಲಸ ಮಾಡಿದ್ದು ಪ್ರಯೋಗವೂ ಅಲ್ಲ, ಗಣಿತವೂ ಅಲ್ಲ. ಯಾವುದು ಮೂಲದ್ದು, ಯಾವುದು ಅದರಿಂದ ಬಂದದ್ದು ಅನ್ನುವ ತೀರ್ಮಾನ ಮಾಡಿದ್ದು.

ಕಾಂಟ್ ಎಲ್ಲಿ ಸರಿ, ಎಲ್ಲಿ ಎಡವಿದ

ಈ ವಿಂಗಡಣೆಯನ್ನು ಗಟ್ಟಿಯಾಗಿ ಹಿಡಿದು ಕೂತವನು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. 1786ರಲ್ಲಿ ಅವನು ಹೇಳಿದ್ದರ ಸಾರ ಇದು: ನಿಸರ್ಗದ ಬಗೆಗಿನ ಯಾವುದೇ ತಿಳಿವಳಿಕೆಯಲ್ಲಿ ಗಣಿತ ಎಷ್ಟಿದೆಯೋ ಅಷ್ಟೇ ಅದರಲ್ಲಿ ನಿಜವಾದ ವಿಜ್ಞಾನ. ಬಹಳ ಜನ ಈ ಅರ್ಧವನ್ನು ಮಾತ್ರ ಹೇಳಿ ಸುಮ್ಮನಾಗುತ್ತಾರೆ. ಉಳಿದರ್ಧ ಹೀಗಿದೆ. ಗಣಿತವನ್ನು ಜಡವಸ್ತುವಿಗೆ ಹಚ್ಚಬೇಕಾದರೆ, ಜಡವಸ್ತು ಅನ್ನುವ ಕಲ್ಪನೆಯಲ್ಲಿ ಏನೇನಿದೆ ಅಂತ ಮೊದಲು ಬಿಡಿಸಿ ನೋಡಬೇಕು, ಆ ಕೆಲಸ ತತ್ತ್ವಮೀಮಾಂಸೆಯದ್ದು. ಉದಾಹರಣೆಗೆ, ವಸ್ತು ಜಾಗ ತುಂಬುತ್ತದೆ ಅಂತೀವಿ. ಅಲ್ಲಿ ಸುಮ್ನೆ ಇರುವುದರಿಂದಲೇ ತುಂಬುತ್ತದಾ, ಅಥವಾ ಬೇರೆಯದನ್ನು ದೂರ ತಳ್ಳುವ ಬಲದಿಂದ ತುಂಬುತ್ತದಾ? ಬಲದಿಂದ ಅಂದ ಕಾಂಟ್. ಬಲ ಅಂದ ಕೂಡಲೇ ಅದಕ್ಕೆ ಪ್ರಮಾಣ ಬಂತು, ದಿಕ್ಕು ಬಂತು, ಲೆಕ್ಕಕ್ಕೆ ಸಿಕ್ಕಿತು.

ಎಡವಿದ್ದೂ ಇದೆ. ಕೆಮಿಸ್ಟ್ರಿಯಲ್ಲಿ ಗಣಿತ ಇಲ್ಲ, ಹಾಗಾಗಿ ಅದು ವ್ಯವಸ್ಥಿತವಾದ ಕಲೆ ಮಾತ್ರ ಅಂದ. ಮೂರೇ ವರ್ಷದಲ್ಲಿ, 1789ರಲ್ಲಿ, ಫ್ರೆಂಚ್ ವಿಜ್ಞಾನಿ ಲವೋಸಿಯೆ ತಕ್ಕಡಿ ಇಟ್ಟುಕೊಂಡು ಕೆಮಿಸ್ಟ್ರಿಯನ್ನು ಹೊಸದಾಗಿ ಬರೆದ. ಇದಕ್ಕಿಂತ ದೊಡ್ಡ ಎಡವು ಜಾಗದ ವಿಷಯದ್ದು. ಯೂಕ್ಲಿಡ್ಡನ ಜ್ಯಾಮಿತಿ ನಮ್ಮ ಅನುಭವಕ್ಕೆ ಮೊದಲೇ ಸಿಕ್ಕಿರುವ ಚೌಕಟ್ಟು, ಜಗತ್ತು ಅದಕ್ಕೆ ಒಗ್ಗಲೇಬೇಕು ಅಂತ ನಂಬಿದ್ದ.

ಇದನ್ನು ನಮ್ಮ ಊರಿನ ಸುತ್ತಲೇ ಇಟ್ಟು ನೋಡೋಣ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಎಳೆದು ಒಂದು ಆಧಾರರೇಖೆ ಅಳೆದ, ಮುಂದೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆಯುವ ಸರ್ವೆಗೆ ಅದು ಮುನ್ನುಡಿಯಾಯಿತು. ನಂದಿ ಬೆಟ್ಟ, ಶಿವಗಂಗೆ, ಸಾವನದುರ್ಗ, ಈ ಮೂರನ್ನು ಸೇರಿಸಿ ಒಂದು ತ್ರಿಕೋನ ಮಾಡಿ. ನೆಲದ ಮೇಲ್ಮೈಯಲ್ಲಿ ಅದರ ಮೂರು ಕೋನ ಕೂಡಿದರೆ ಸರಿಯಾಗಿ 180 ಡಿಗ್ರಿ ಬರುವುದಿಲ್ಲ. ಭೂಮಿ ಗುಂಡಗಿರುವುದರಿಂದ ಸುಮಾರು 200 ಚದರ ಕಿಲೋಮೀಟರಿಗೆ ಒಂದು ಆರ್ಕ್ ಸೆಕೆಂಡಿನಂತೆ, ಅಂದರೆ ಡಿಗ್ರಿಯ 3600ನೇ ಒಂದು ಭಾಗದಂತೆ, ಜಾಸ್ತಿ ಬರುತ್ತದೆ. ಈ ತ್ರಿಕೋನಕ್ಕೆ ಸುಮಾರು ನಾಲ್ಕು ಸೆಕೆಂಡು. ಲ್ಯಾಂಬ್ಟನ್ ಥರದವರು ಇದನ್ನು ಲೆಕ್ಕಕ್ಕೆ ಹಿಡಿದೇ ಅಳೆಯುತ್ತಿದ್ದರು.

ಇದರಿಂದ ಕಾಂಟ್ ಸೋಲುವುದಿಲ್ಲ, ನೆನಪಿಡಿ. ಬಾಗಿದ್ದು ನೆಲ, ಅದನ್ನು ಹೊತ್ತಿರುವ ಜಾಗ ನೆಟ್ಟಗೇ ಇದೆ ಅನ್ನಬಹುದು. ಆದರೆ ಬರ್ನಾರ್ಡ್ ರೀಮನ್ 1854ರ ಒಂದು ಉಪನ್ಯಾಸದಲ್ಲಿ ಮುಂದಿನ ಹೆಜ್ಜೆ ಇಟ್ಟ. ಜಾಗವೇ ಯಾಕೆ ಬಾಗಿರಬಾರದು, ಹೊರಗೆ ನಿಂತು ನೋಡದೆ ಒಳಗಿಂದಲೇ ಅದನ್ನು ಅಳೆಯಬಹುದಲ್ಲ ಅಂತ. ಗಣಿತ ಇಲ್ಲಿ ಉತ್ತರ ಕೊಡಲಿಲ್ಲ, ಆಯ್ಕೆ ಇದೆ ಅಂತ ತೋರಿಸಿತು. 1919ರ ಗ್ರಹಣದಲ್ಲಿ ಸೂರ್ಯನ ಪಕ್ಕ ನಕ್ಷತ್ರದ ಬೆಳಕು ಐನ್‌ಸ್ಟೈನ್ ಹೇಳಿದ ಲೆಕ್ಕಕ್ಕೆ ಹೊಂದುವಂತೆ ಬಾಗಿದ್ದನ್ನು ನೋಡಿದ ಮೇಲೆ ಹಳೆಯ ಆಯ್ಕೆಗೆ ಅಂಟಿಕೊಳ್ಳುವುದು ಕಷ್ಟವಾಯಿತು. ಮೂರನೆಯ ಕಾಲಮ್ಮಿನಲ್ಲಿ ಬರೆದದ್ದನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ ಅಂತ ನಾನು ಹೇಳುವುದು ಇದಕ್ಕೇ.

ಸಾಸಿವೆ ಮತ್ತು ಮೇರು

ಇಷ್ಟು ಹೊತ್ತಿಗೆ ಯಾರಾದರೂ, ಇದೆಲ್ಲ ನಮ್ಮ ಕಣಾದನಿಗೆ ಗೊತ್ತಿತ್ತು, ಪರಮಾಣು ಅಂತ ಹೇಳಿದ್ದು ಅವನೇ ಅಂತ ವಾಟ್ಸಾಪ್ ಫಾರ್ವರ್ಡ್ ಕಳಿಸಿರುತ್ತಾರೆ. ಡಿಲೀಟ್ ಮಾಡಿ, ಆದರೆ ಕಣಾದನ ದರ್ಶನವಾದ ವೈಶೇಷಿಕವನ್ನು ಡಿಲೀಟ್ ಮಾಡಬೇಡಿ. ಅವರ ಪರಮಾಣುವಿಗೂ ಡಾಲ್ಟನ್‌ನ ಪರಮಾಣುವಿಗೂ ಹೆಸರಿನಾಚೆ ಹೋಲಿಕೆ ಕಡಿಮೆ, ಆದರೆ ಅವರ ವಾದ ಅಪ್ಪಟ ತತ್ತ್ವಮೀಮಾಂಸೆ, ಮೂರು ಕಾಲಂ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.

ವಾದ ಹೀಗೆ. ವಸ್ತುವನ್ನು ಕೊನೆಯಿಲ್ಲದೆ ಒಡೆಯುತ್ತಾ ಹೋಗಬಹುದು ಅಂತ ಇಟ್ಟುಕೊಳ್ಳಿ. ಆಗ ಸಾಸಿವೆ ಕಾಳಿನಲ್ಲೂ ಅನಂತ ಭಾಗಗಳು, ಮೇರು ಪರ್ವತದಲ್ಲೂ ಅನಂತ ಭಾಗಗಳು. ಎರಡರಲ್ಲೂ ಭಾಗಗಳು ಅಷ್ಟೇ ಅಂದ ಮೇಲೆ ಎರಡರ ಗಾತ್ರವೂ ಒಂದೇ ಆಗಬೇಕಿತ್ತು. ಹಾಗಿಲ್ಲ. ಆದ್ದರಿಂದ ಒಡೆಯುವುದು ಎಲ್ಲೋ ಒಂದು ಕಡೆ ನಿಲ್ಲಲೇಬೇಕು.

ಚೆನ್ನಾಗಿದೆ ಅಲ್ವಾ? ಈಗ ಗಣಿತವನ್ನು ಕರೆಯಿರಿ. 1870ರ ದಶಕದಲ್ಲಿ ಗೇಯೋರ್ಗ್ ಕ್ಯಾಂಟರ್ ತೋರಿಸಿದ ಪ್ರಕಾರ, ಒಂದು ಚಿಕ್ಕ ಗೆರೆಯ ಬಿಂದುಗಳನ್ನೂ ಒಂದು ದೊಡ್ಡ ಗೆರೆಯ ಬಿಂದುಗಳನ್ನೂ ಒಂದಕ್ಕೊಂದು ಜೋಡಿಸಬಹುದು, ಒಂದೂ ಉಳಿಯುವುದಿಲ್ಲ. ಗೆರೆಯ ಬಿಂದುಗಳನ್ನು ಇಡೀ ಚೌಕದ ಬಿಂದುಗಳಿಗೂ ಜೋಡಿಸಬಹುದು. ಅಂದರೆ ಸಾಸಿವೆಯಲ್ಲೂ ಮೇರುವಿನಲ್ಲೂ ಬಿಂದುಗಳು ಅಷ್ಟೇ ಅನ್ನುವ ಮಾತು ನಿಜ. ತಪ್ಪಿದ್ದು ಮುಂದಿನ ಹೆಜ್ಜೆ. ಎಷ್ಟು ಬಿಂದು ಅನ್ನೋದು ಒಂದು ಪ್ರಶ್ನೆ, ಎಷ್ಟು ದೊಡ್ಡದು ಅನ್ನೋದು ಬೇರೆ ಪ್ರಶ್ನೆ, ಮೊದಲನೆಯ ಉತ್ತರದಿಂದ ಎರಡನೆಯದು ಬರುವುದಿಲ್ಲ. ಗಾತ್ರವನ್ನು ಬೇರೆಯಾಗಿಯೇ ಹೇಗೆ ಅಳೆಯಬೇಕು ಅಂತ 1902ರಲ್ಲಿ ಆನ್ರಿ ಲೆಬೆಗ್ ವ್ಯವಸ್ಥಿತವಾಗಿ ಕಟ್ಟಿಕೊಟ್ಟ. ಹಾಗಾದರೆ ವಾದ ಬಿತ್ತು, ಆದರೆ ವಾದ ಬಿದ್ದ ಮಾತ್ರಕ್ಕೆ ತೀರ್ಮಾನವೂ ಸುಳ್ಳಾಗಬೇಕಿಲ್ಲ. ವಸ್ತುವಿನ ಒಡೆತ ಎಲ್ಲಾದರೂ ನಿಲ್ಲುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಈಗ ಪ್ರಯೋಗದ ಕೈಗೆ ಬಂತು. ನೀರಿನಲ್ಲಿ ತೇಲುವ ಸಣ್ಣ ಕಣಗಳು ಅಡ್ಡಾದಿಡ್ಡಿ ನಡುಗುವುದಕ್ಕೆ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟ, ಕೆಲವೇ ವರ್ಷಗಳಲ್ಲಿ ಜಾನ್ ಪೆರೆನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಅಳೆದ, ಅಣುಗಳು ಇವೆ ಅಂತ ಹಠಮಾರಿಗಳೂ ಒಪ್ಪಿದರು. ಆ ಅಣುಗಳೂ ಮುಂದೆ ಒಡೆದವು, ಅದು ಬೇರೆ ಕತೆ.

ಪ್ರಶ್ನೆ ಎತ್ತಿದ್ದು ತತ್ತ್ವಮೀಮಾಂಸೆ, ಗಂಟು ಬಿಡಿಸಿದ್ದು ಗಣಿತ, ತೀರ್ಪು ಕೊಟ್ಟದ್ದು ಮೈಕ್ರೋಸ್ಕೋಪು. ನಿಮ್ಮ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಮೂರೂ ಕಾಲಂ ತುಂಬುವ ಇಂಥ ಉದಾಹರಣೆ ಅಪರೂಪ.

ಕರೆಂಟ್ ಬಿಲ್ಲಿನಲ್ಲಿ ಏನನ್ನು ಎಣಿಸುತ್ತಾರೆ?

ಬೆಸ್ಕಾಂ ಬಿಲ್ ತೆಗೆದು ನೋಡಿ. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್, 36 ಲಕ್ಷ ಜೂಲ್ ಶಕ್ತಿ. ದುಡ್ಡು ಕೊಟ್ಟು ತಗೊಂಡದ್ದು ಎಲ್ಲಿದೆ? ಹಾಲಿನ ಪ್ಯಾಕೆಟ್ ಬಂದ ಹಾಗೆ ಎಲೆಕ್ಟ್ರಾನುಗಳು ಬಂದು ಮನೆಯಲ್ಲಿ ಉಳಿಯಲಿಲ್ಲ, ಎಸಿ ಕರೆಂಟಿನಲ್ಲಿ ಅವು ಇದ್ದಲ್ಲೇ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಜೀಕುತ್ತವೆ. ಆದರೂ ಏನೋ ಒಂದನ್ನು ಎಣಿಸಿದ್ದಾರೆ, ಆ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಶಕ್ತಿ ಒಂದು ಪದಾರ್ಥವಾ, ಬರೀ ಲೆಕ್ಕದ ಸಂಖ್ಯೆಯಾ?

ಏನೂ ಇಲ್ಲದ್ದರಿಂದ ಏನೂ ಹುಟ್ಟುವುದಿಲ್ಲ ಅನ್ನುವ ನಂಬಿಕೆ ಬಹಳ ಹಳೆಯದು. ಸಾಂಖ್ಯರ ಸತ್ಕಾರ್ಯವಾದದಲ್ಲಿ ಕಾರ್ಯ ಕಾರಣದಲ್ಲಿ ಮೊದಲೇ ಅಡಗಿರುತ್ತದೆ. ನೈಯಾಯಿಕರು ಒಪ್ಪುವುದಿಲ್ಲ, ಮಡಕೆ ಹುಟ್ಟಿದಾಗ ಹೊಸದೊಂದು ಹುಟ್ಟಿತು ಅಂತಾರೆ. ಲವೋಸಿಯೆ ತಕ್ಕಡಿಯ ಎರಡೂ ಕಡೆ ಸಮ ಬರಬೇಕು ಅಂತ ಮೊದಲೇ ಇಟ್ಟುಕೊಂಡು ಶುರು ಮಾಡಿದ, ಬರದಿದ್ದರೆ ಎಲ್ಲೋ ಗ್ಯಾಸ್ ತಪ್ಪಿಸಿಕೊಂಡಿದೆ ಅಂತ ಹುಡುಕಿದ. ಇಲ್ಲಿ ಒಪ್ಪಿಗೆ ಮುಂದೆ, ಅಳತೆ ಹಿಂದೆ. ಆಮೇಲೆ 1918ರಲ್ಲಿ ಗಣಿತಜ್ಞೆ ಎಮಿ ನೋಥರ್ ಬಂದಳು. ನಿಸರ್ಗದ ನಿಯಮ ನಿನ್ನೆ ಇದ್ದ ಹಾಗೇ ಇವತ್ತೂ ಇದ್ದರೆ ಶಕ್ತಿ ಉಳಿಯಲೇಬೇಕು, ಇಲ್ಲಿ ಇದ್ದ ಹಾಗೇ ಅಲ್ಲೂ ಇದ್ದರೆ ಸಂವೇಗ (ಮೊಮೆಂಟಮ್) ಉಳಿಯಲೇಬೇಕು ಅಂತ ಗಣಿತದಿಂದ ಸಾಧಿಸಿದಳು. ಒಂದು ಶಾಶ್ವತ ಪದಾರ್ಥ ಇದೆ ಅನ್ನುವ ಹಳೆಯ ಒಪ್ಪಿಗೆಯ ಜಾಗಕ್ಕೆ ನಿಯಮ ಬದಲಾಗುವುದಿಲ್ಲ ಅನ್ನುವ ಬೇರೆ ಒಪ್ಪಿಗೆ ಬಂತು. ಗಣಿತ ಒಪ್ಪಿಗೆಯನ್ನು ತೆಗೆದುಹಾಕಲಿಲ್ಲ, ಇನ್ನೂ ಕೆಳಗಿನ ಮೆಟ್ಟಿಲಿಗೆ ಇಳಿಸಿತು. ಇದು ಮತ್ತೆ ಮತ್ತೆ ಆಗುತ್ತದೆ, ಗಮನಿಸಿ.

ಜಡವಸ್ತುವಿನ ಕತೆ ಏನು? ಅದು ನಿಜಕ್ಕೂ ಅಳಿಯುವುದಿಲ್ಲವಾ? ಇದನ್ನು ಕೇಳಿದ ಜಾಗ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಅನ್ನುವ, ಸುಲಭಕ್ಕೆ ಸಿಗದ ಸೂಕ್ಷ್ಮ ಕಣಗಳನ್ನು ಗುರುತಿಸಿದ್ದರು. 1980ರ ದಶಕದಲ್ಲಿ ಅಲ್ಲೇ ಕಬ್ಬಿಣದ ದೊಡ್ಡ ರಾಶಿ ಪೇರಿಸಿಟ್ಟು, ಅದರೊಳಗಿನ ಯಾವುದಾದರೂ ಪ್ರೋಟಾನ್ ತನ್ನಷ್ಟಕ್ಕೆ ಒಡೆಯುತ್ತದಾ ಅಂತ ಕಾದು ಕೂತರು. ಒಡೆದಿರಬಹುದು ಅನ್ನುವ ಕೆಲವು ಗುರುತುಗಳು ಸಿಕ್ಕವು ಅಂದರು, ಬೇರೆ ಕಡೆಯ ಪ್ರಯೋಗಗಳಲ್ಲಿ ಅದು ಖಚಿತವಾಗಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಖಚಿತವಾಗಿ ಕಂಡಿಲ್ಲ. ಆದರೆ ನೋಡಿ, ಜಡವಸ್ತು ಅಳಿಯುವುದಿಲ್ಲ ಅನ್ನುವುದನ್ನು ಕಾಂಟ್ ಯೋಚನೆಯಿಂದಲೇ ಸಾಧಿಸಲು ಹೊರಟಿದ್ದ. ಎರಡು ಶತಮಾನದಲ್ಲಿ ಅದೇ ಮಾತು ಮೂರನೆಯ ಕಾಲಂ ಬಿಟ್ಟು ಕೆಜಿಎಫ್‌ನ ಗಣಿಯೊಳಗೆ ಮೊದಲನೆಯ ಕಾಲಮ್ಮಿಗೆ ಬಂದು ನಿಂತಿತ್ತು.

ನೀವೇ ಮಾಡುವಾಗ

ಒಂದು ಸೂತ್ರಕ್ಕೆ ಒಂದು ಸಂಜೆ ಕೊಡಿ, ಜಾಸ್ತಿ ಬೇಡ. ಯಾವ ತುಂಡು ಯಾವ ಕಾಲಮ್ಮಿಗೆ ಅಂತ ಗೊಂದಲ ಆದರೆ ಹೀಗೆ ಕೇಳಿಕೊಳ್ಳಿ: ಇದು ಸುಳ್ಳಾದರೆ ಏನು ಕೆಡುತ್ತದೆ? ಒಂದು ಸಂಖ್ಯೆ ಬದಲಾಗುತ್ತದೆ ಅಷ್ಟೇ ಅಂದರೆ ಅಳತೆ. ಮುಂದಿನ ಸಾಲು ಹಿಂದಿನ ಸಾಲಿಗೆ ವಿರುದ್ಧವಾಗುತ್ತದೆ ಅಂದರೆ ಲೆಕ್ಕ. ಪ್ರಯೋಗ ಮಾಡುವುದು ಹೇಗೆ ಅಂತಲೇ ಗೊತ್ತಾಗದ ಹಾಗೆ ಆಗುತ್ತದೆ ಅಂದರೆ ಒಪ್ಪಿಗೆ. ಈ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ಬಹಳ ಕಡೆ ನಡೆಯುತ್ತದೆ.

ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಒಬ್ಬರೇ ಮಾಡಿದರೆ ಮೂರನೆಯ ಕಾಲಂ ಬೇಗ ಮುಗಿದುಬಿಡುತ್ತದೆ, ಏಕೆಂದರೆ ನಮ್ಮ ಒಪ್ಪಿಗೆಗಳು ನಮಗೇ ಕಾಣುವುದಿಲ್ಲ. ಮನೆಯಲ್ಲಿ ನ್ಯಾಯವೋ ವೇದಾಂತವೋ ಓದಿಕೊಂಡ ಅಜ್ಜ ಅಥವಾ ದೊಡ್ಡಪ್ಪ ಇದ್ದರೆ ಕೂರಿಸಿಕೊಳ್ಳಿ, 'ಅದು ಹೇಗೆ ಗೊತ್ತು ನಿನಗೆ' ಅಂತ ಕೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದರೆ ಒಂದು ಯಂತ್ರದ ಮುಂದೆ ಮಾತ್ರ ನಿಂತು ಇದೇ ಮೂರು ಕಾಲಂ ಮಾಡಿ, ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ನೆಟ್ಟಗಿನ ಕಂಬದ ನೆರಳು ಮಾಯವಾಗುತ್ತದೆ. ಅದನ್ನೂ ಹಾಳೆಗೆ ಹಾಕಬಹುದು, ಆದರೆ ಆಗಸ್ಟಿನಲ್ಲಿ ಮೋಡ ಬಿಟ್ಟರೆ.

ಲೋಲಕ ಮುಗಿಸಿದ ಮೇಲೆ ಬಲ ಸಮ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಅನ್ನುವುದನ್ನು ಎತ್ತಿಕೊಳ್ಳಿ. ನೋಡಲು ಅತಿ ಸುಲಭದ ಸೂತ್ರ, ಬಿಡಿಸಲು ಅತಿ ಕಷ್ಟದ್ದು. ಬಲವನ್ನು ಸ್ಪ್ರಿಂಗಿನಿಂದ ಬೇರೆಯಾಗಿ ಅಳೆದರೆ ಇದು ಪ್ರಯೋಗದಿಂದ ಗೊತ್ತಾದ ನಿಯಮ. ಬಲ ಅಂದರೆ ಇದೇ ಗುಣಾಕಾರ, ಬೇರೇನೂ ಇಲ್ಲ ಅಂದರೆ ಬರೀ ವ್ಯಾಖ್ಯೆ. ವೇಗ ಬದಲಾದರೆ ಅದಕ್ಕೊಂದು ಕಾರಣ ಇರಲೇಬೇಕು ಅನ್ನುವ ಅರ್ಥದಲ್ಲಿ ಓದಿದರೆ ಅಪ್ಪಟ ತತ್ತ್ವಮೀಮಾಂಸೆ. ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ 1883ರಲ್ಲೇ ಇದನ್ನು ಕೆದಕಿದ್ದ, ಪಂಡಿತರು ಈಗಲೂ ಒಮ್ಮತಕ್ಕೆ ಬಂದಿಲ್ಲ. ನೀವು ಯಾವ ಕಾಲಮ್ಮಿಗೆ ಹಾಕಿದಿರಿ, ಯಾಕೆ ಅಂತ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆಯಿರಿ, ಆಮೇಲೆ ವಿದ್ಯುತ್ ಬಲವನ್ನು ಹೇಳುವ ಕೂಲಂಬನ ನಿಯಮಕ್ಕೆ ಹೋಗಿ.